ಹಸುರು ಚುಕ್ಕೆಯೂ ಮನೆಯ ಮರ್ಯಾದೆಯೂ

ಕನ್ನಡ ನಾಡಿನ ಹಳೆಯ ಮನೆಗಳಲ್ಲಿ ಹಿರಿಯರಿಗೆ ಒಂದು ಪದ್ಧತಿಯಿದ್ದಿತು. ಒಳಮನೆಯಲ್ಲಿ ಹೆಂಗಸರು ಮಾತನಾಡುತ್ತ ಕುಳಿತಿರುವಾಗಲಾಗಲಿ, ಇಬ್ಬರು ತಮ್ಮೊಳಗೆ ಏನನ್ನೋ ಆಲೋಚಿಸುತ್ತಿರುವಾಗಲಾಗಲಿ, ಯಜಮಾನನು ಹೊಸ್ತಿಲಿಗೆ ಬರುವುದಕ್ಕೆ ಮುಂಚೆ ಒಮ್ಮೆ ಕೆಮ್ಮುತ್ತಿದ್ದನು. ಇಲ್ಲವೆ ಕೈಕೋಲನ್ನು ನೆಲಕ್ಕೆ ಸ್ವಲ್ಪ ಗಟ್ಟಿಯಾಗಿ ಊರುತ್ತಿದ್ದನು. ಆ ಕೆಮ್ಮಿಗೆ ನೆಗಡಿ ಕಾರಣವಲ್ಲ. “ನಾನು ಬರುತ್ತಿದ್ದೇನೆ, ನನ್ನ ಕಿವಿಗೆ ತಕ್ಕುದಲ್ಲದ ಮಾತೇನಾದರೂ ಇದ್ದರೆ ನಿಲ್ಲಿಸಿಕೊಳ್ಳಿರಿ” ಎಂಬುದು ಅದರ ಅರ್ಥ. ಮನೆಯು ಅವನದೇ, ಆ ಬಾಗಿಲನ್ನು ದಾಟುವುದಕ್ಕೆ ಅವನಿಗೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಆದರೂ ಅಧಿಕಾರವುಳ್ಳವನೇ ಮೊದಲು ಸುಳಿವು ಕೊಡತಕ್ಕದ್ದೆಂದು ಆ ಪದ್ಧತಿಯು ವಿಧಿಸಿದ್ದಿತು. ಕೇಳುವವನು ತಾನು ಕೇಳುತ್ತಿರುವುದನ್ನು ಆಡುವವರಿಗೆ ತಿಳಿಯಪಡಿಸಬೇಕೆಂಬ ಗೃಹಧರ್ಮದ ಈ ಚಿಕ್ಕ ಸೂತ್ರವು ಈಗ ಒಂದು ಹೊಸ ಯಂತ್ರದ ಮೂಲಕ ಮತ್ತೆ ವಿಚಾರಕ್ಕೆ ಬಂದಿದೆ.

ಆ ಯಂತ್ರವು ಸ್ಮಾರ್ಟ್‌ಫೋನು. ಅದರ ಪರದೆಯ ಮೇಲಂಚಿನಲ್ಲಿ ಎಳ್ಳುಕಾಳಿನಷ್ಟು ಗಾತ್ರದ ಒಂದು ಬಣ್ಣದ ಚುಕ್ಕೆಯು ಆಗಾಗ ಹೊತ್ತಿಕೊಳ್ಳುವುದನ್ನು ಅನೇಕರು ನೋಡಿರುವರು. ಅದೇನೆಂದು ವಿಚಾರಿಸಿದವರು ಕೆಲವರು ಮಾತ್ರ. ಆ್ಯಪಲ್ ಕಂಪನಿಯು 2020ರ ಸೆಪ್ಟೆಂಬರಿನಲ್ಲಿ ಹೊರತಂದ ಐಓಎಸ್ 14 ಎಂಬ ತಂತ್ರಾಂಶದೊಡನೆ ಇದು ಐಫೋನುಗಳಿಗೆ ಬಂದಿತು. ಅಲ್ಲಿ ಕಿತ್ತಳೆ ಬಣ್ಣದ ಚುಕ್ಕೆ ಕಂಡರೆ ಯಾವುದೋ ಒಂದು ಆ್ಯಪ್ ಮೈಕನ್ನು ಉಪಯೋಗಿಸುತ್ತಿದೆಯೆಂದೂ, ಹಸುರು ಚುಕ್ಕೆ ಕಂಡರೆ ಕ್ಯಾಮರಾವನ್ನು ಅಥವಾ ಕ್ಯಾಮರಾ ಮೈಕುಗಳೆರಡನ್ನೂ ಉಪಯೋಗಿಸುತ್ತಿದೆಯೆಂದೂ ತಿಳಿಯಬೇಕು. 2021ರ ಅಕ್ಟೋಬರಿನಲ್ಲಿ ಬಂದ ಗೂಗಲ್ ಕಂಪನಿಯ ಆಂಡ್ರಾಯ್ಡ್ 12ರಲ್ಲಿ ಎರಡಕ್ಕೂ ಹಸುರೇ. ಬಲಗಡೆಯ ಮೂಲೆಯಲ್ಲಿ ಮೈಕಿನ ಅಥವಾ ಕ್ಯಾಮರಾದ ಪುಟ್ಟ ಚಿತ್ರವು ಮೊದಲು ಮೂಡಿ, ಕ್ಷಣದೊಳಗೆ ಕುಗ್ಗಿ ಚುಕ್ಕೆಯಾಗುವುದು. ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆದು ಆ ಗುರುತನ್ನು ಮುಟ್ಟಿದರೆ ಕೇಳುತ್ತಿರುವ ಆ್ಯಪಿನ ಹೆಸರು ತಿಳಿಯುವುದು. ಹಿಂದಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಯಾವ ಆ್ಯಪ್ ಯಾವಾಗ ಮೈಕನ್ನೂ ಕ್ಯಾಮರಾವನ್ನೂ ತೆರೆಯಿತೆಂಬುದರ ದಿನಚರಿಯೊಂದನ್ನು ಆಂಡ್ರಾಯ್ಡ್ 12ರಲ್ಲಿಯೇ ಇರಿಸಿದರು. ಮುಂದಿನ ಆವೃತ್ತಿಯಲ್ಲಿ ಅದು ಏಳು ದಿನಗಳಿಗೆ ವಿಸ್ತಾರವಾಯಿತು. ಎಲ್ಲ ಆ್ಯಪುಗಳಿಗೂ ಮೈಕನ್ನೋ ಕ್ಯಾಮರಾವನ್ನೋ ಒಂದೇ ಸಲಕ್ಕೆ ಮುಚ್ಚಿಬಿಡುವ ಗುಂಡಿಗಳೂ ಆಂಡ್ರಾಯ್ಡ್ 12ರಲ್ಲಿಯೇ ಸೇರಿದ್ದುವು.

ಈ ಚುಕ್ಕೆಯನ್ನು ಹೊತ್ತಿಸುವವರು ಯಾರೆಂಬುದನ್ನು ತಿಳಿದುಕೊಂಡರೆ ಅದಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದು ಗೊತ್ತಾಗುತ್ತದೆ. ಆ್ಯಪುಗಳು ಫೋನಿನೊಳಕ್ಕೆ ಬಂದ ಅತಿಥಿಗಳಿದ್ದಂತೆ. ಅವುಗಳಲ್ಲಿ ಯಾವುದೂ ಮೈಕನ್ನಾಗಲಿ ಕ್ಯಾಮರಾವನ್ನಾಗಲಿ ನೇರವಾಗಿ ಮುಟ್ಟಲಾರದು. ಫೋನಿನ ಆಡಳಿತವನ್ನು ನಡೆಸುವ ಮೂಲ ತಂತ್ರಾಂಶವನ್ನು ಬೇಡಿ ಪಡೆಯಬೇಕು. ಆ ಮೂಲ ತಂತ್ರಾಂಶವೇ ಬಾಗಿಲು ಕಾಯುವವನು; ಒಳಕ್ಕೆ ಬಿಟ್ಟೊಡನೆ ದೀಪವನ್ನು ಹೊತ್ತಿಸುವವನೂ ಅವನೇ. ಆದುದರಿಂದ ಒಳಗೆ ಬಂದ ಆ್ಯಪಿಗೆ ದೀಪವನ್ನು ಆರಿಸುವ ಅಧಿಕಾರವಿರುವುದಿಲ್ಲ. ಚುಕ್ಕೆಯ ಬಲವೆಲ್ಲ ಇದರಲ್ಲಿದೆ. ದೌರ್ಬಲ್ಯವೂ ಇದರಲ್ಲಿಯೇ ಇದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಕ್ಯಾಮರಾದ ಪಕ್ಕದ ದೀಪವನ್ನು ಅದರ ವಿದ್ಯುತ್ತಿಗೇ ಜೋಡಿಸಿ, ಒಂದು ಉರಿಯದೆ ಮತ್ತೊಂದು ನಡೆಯದಂತೆ ಮಾಡಿರುತ್ತಾರೆ. ಫೋನಿನ ಚುಕ್ಕೆಯಾದರೋ ಪರದೆಯ ಮೇಲೆ ಬರೆದ ಚಿತ್ರ. ಬಾಗಿಲು ಕಾಯುವವನನ್ನೇ ವಶಮಾಡಿಕೊಂಡವನಿಗೆ ಆ ಚಿತ್ರವೂ ವಶವಾಗಬಹುದು. ಪೆಗಾಸಸ್ ಎಂಬ ಗೂಢಚರ್ಯೆಯ ತಂತ್ರಾಂಶದ ವಿಷಯದಲ್ಲಿ 2021ರಲ್ಲಿ ದೇಶವೆಲ್ಲ ಚರ್ಚೆಯೆದ್ದಾಗ ಸರ್ವೋಚ್ಚ ನ್ಯಾಯಾಲಯವು ತಜ್ಞರ ಸಮಿತಿಯೊಂದನ್ನು ನೇಮಿಸಿ, ಹಿಂದೆ ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿಯೂ ನ್ಯಾಯಾಧೀಶರಾಗಿದ್ದ ನಿವೃತ್ತ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರಿಗೆ ಅದರ ಮೇಲ್ವಿಚಾರಣೆಯನ್ನು ಒಪ್ಪಿಸಿತು. ಪರೀಕ್ಷೆಗೆ ಬಂದ 29 ಫೋನುಗಳಲ್ಲಿ ಐದರಲ್ಲಿ ಹಾನಿಕರ ತಂತ್ರಾಂಶವು ಕಂಡಿತೆಂದೂ, ಅದು ಪೆಗಾಸಸ್ಸೇ ಎಂಬುದು ನಿರ್ಣಯವಾಗಲಿಲ್ಲವೆಂದೂ 2022ರ ಆಗಸ್ಟಿನಲ್ಲಿ ತಿಳಿದುಬಂದಿತು. ಅಂಥ ಶತ್ರುವಿನ ಮುಂದೆ ಹಸುರು ಚುಕ್ಕೆಯು ಬಡವನ ಮನೆಯ ಚಿಲಕವಿದ್ದಂತೆ.

ಇನ್ನೂ ಎರಡು ಮಿತಿಗಳನ್ನು ಹೇಳಬೇಕು. ಯಂತ್ರವು ಕೇಳುತ್ತಿದೆಯೆಂದು ಮಾತ್ರ ಚುಕ್ಕೆಯು ಸಾರುವುದು; ಏತಕ್ಕಾಗಿ ಕೇಳುತ್ತಿದೆ, ಕೇಳಿದುದು ಎಲ್ಲಿಗೆ ಹೋಗುತ್ತದೆ, ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ಅದು ಹೇಳಲಾರದು. ಅಲ್ಲದೆ, ಹೆಸರು ಹಿಡಿದು ಕರೆದರೆ ಓಗೊಡುವ ಸಹಾಯಕ ತಂತ್ರಾಂಶಗಳು ಆ ಒಂದು ಕರೆಯನ್ನು ಕಾದು ಕಿವಿಗೊಟ್ಟಿರುವಾಗ ಚುಕ್ಕೆಯು ಸಾಮಾನ್ಯವಾಗಿ ಹೊತ್ತುವುದಿಲ್ಲ. ಇವೆಲ್ಲ ಯಂತ್ರಶಾಸ್ತ್ರದ ಮಾತುಗಳು. ಅವುಗಳನ್ನು ಯಂತ್ರಜ್ಞರು ದಿನೇ ದಿನೇ ತಿದ್ದುತ್ತ ಹೋಗಬಹುದು. ತಿದ್ದಿ ಮುಗಿದ ಮೇಲೆಯೂ ಉಳಿಯುವ ಪ್ರಶ್ನೆಯೊಂದಿದೆ: ಈ ಚುಕ್ಕೆಯು ಕಾಣುವುದು ಯಾರಿಗೆ?

ಮೈಕು ಕನ್ನಡಿಗರಿಗೆ ಹೊಸದಲ್ಲ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ನಿಲಯವನ್ನು ಆರಂಭಿಸಿದಂದಿನಿಂದ ಅದು ಈ ನಾಡಿನ ಮಾತನ್ನು ಕೇಳುತ್ತ ಬಂದಿದೆ. ಬಾನುಲಿ ನಿಲಯಗಳಲ್ಲಿ ಮೈಕು ತೆರೆದಿರುವಾಗ ಕೋಣೆಯ ಬಾಗಿಲ ಮೇಲೆ ಕೆಂಪು ದೀಪವುರಿಯುವ ಏರ್ಪಾಡುಂಟು. ಆ ದೀಪವು ಹೊರಗಿನವರ ಕಡೆಗೆ ಮುಖಮಾಡಿದೆ. ಬನ್ನೇರುಘಟ್ಟ ರಸ್ತೆಯ ಅಂಗಡಿಗಳಲ್ಲಿಯೂ ವಸತಿ ಸಮುಚ್ಚಯಗಳ ಹೆಬ್ಬಾಗಿಲುಗಳಲ್ಲಿಯೂ ಕ್ಯಾಮರಾ ನೋಡುತ್ತಿದೆಯೆಂದು ತಿಳಿಸುವ ಹಲಗೆಗಳು ತೂಗುತ್ತಿರುತ್ತವೆ. ಅವೂ ಬರುವವರ ಕಡೆಗೇ ತಿರುಗಿವೆ. ದಕ್ಷಿಣ ಕೊರಿಯದಲ್ಲಿ 2004ರಿಂದ ಮೊಬೈಲ್ ಕ್ಯಾಮರಾಗಳು ಚಿತ್ರ ತೆಗೆಯುವಾಗ ಸದ್ದು ಮಾಡತಕ್ಕದ್ದೆಂಬ ಕಟ್ಟಳೆಯುಂಟಾಯಿತು. ಆ ಸದ್ದು ಯಾರ ಚಿತ್ರವನ್ನು ತೆಗೆಯುತ್ತಾರೋ ಅವರ ಕಿವಿಗೆ. ಫೋನಿನ ಚುಕ್ಕೆಯೊಂದು ಮಾತ್ರ ಒಡೆಯನ ಕಡೆಗೆ ಮುಖಮಾಡಿ ನಿಂತಿದೆ. ಆ್ಯಪಿನಿಂದ ಒಡೆಯನಿಗೆ ಮೋಸವಾಗಬಾರದೆಂಬುದು ಅದರ ಉದ್ದೇಶ, ಉದ್ದೇಶವು ಒಳ್ಳೆಯದೇ. ಆದರೆ ಮೈಕಿಗೆ ಒಡೆಯನ ಧ್ವನಿ, ನೆರೆಯವರ ಧ್ವನಿ ಎಂಬ ಭೇದವಿಲ್ಲ. ಕೋಣೆಯಲ್ಲಿರುವ ಐವರ ಮಾತೂ ಅದರೊಳಗೆ ಹೋಗುವುದು. ಹೋಗುತ್ತಿದೆಯೆಂಬ ಸುದ್ದಿಯು ತಲುಪುವುದು ಒಬ್ಬನಿಗೆ.

ಇದು ದೂರದ ತರ್ಕವಲ್ಲವೆಂಬುದು ಆ ರಸ್ತೆಯ ಮೇಲೆಯೇ ಇರುವ ಬಿಳೇಕಹಳ್ಳಿಯಂಥ ಬಡಾವಣೆಗಳ ಜೀವನವನ್ನು ನೋಡಿದರೆ ತಿಳಿಯುವುದು. ಹೆಸರಿನಲ್ಲಿ ಅದು ಇಂದಿಗೂ ಹಳ್ಳಿಯೇ. ಸ್ವರೂಪದಲ್ಲಿ ದಕ್ಷಿಣ ಬೆಂಗಳೂರಿನ ಜನನಿಬಿಡವಾದ ಒಂದು ಭಾಗ. ಬಾಲಕೃಷ್ಣ ದೋಶಿಯವರು ರೂಪಿಸಿದ ಕಲ್ಲಿನ ಕಟ್ಟಡಗಳ ವ್ಯವಹಾರಶಾಸ್ತ್ರದ ಮಹಾಶಾಲೆಯು ಅಲ್ಲಿಯೇ ಇದೆ. ಸುತ್ತಲೂ ಎದ್ದಿರುವ ಮನೆಗಳಲ್ಲಿ ಒಂದರ ಗೋಡೆಯು ಇನ್ನೊಂದರ ಗೋಡೆಯೂ ಆಗಿರುತ್ತದೆ. 2020ರ ಮಾರ್ಚಿನಲ್ಲಿ ಸಾಂಕ್ರಾಮಿಕದ ದೆಸೆಯಿಂದ ದೇಶವೆಲ್ಲ ಬಾಗಿಲು ಹಾಕಿದಾಗ ಇಂಥ ಮನೆಗಳೊಳಕ್ಕೆ ಕಚೇರಿಗಳೂ ಶಾಲೆಗಳೂ ಒಮ್ಮೆಗೇ ಹೊಕ್ಕುವು. ನಡುಮನೆಯು ಸಭಾಸ್ಥಾನವಾಯಿತು; ಮಲಗುವ ಕೋಣೆಯು ಪಾಠಶಾಲೆಯಾಯಿತು. ಕಚೇರಿಗಳು ಅನೇಕವಾಗಿ ಹಿಂತಿರುಗಿದರೂ ಆ ಅಭ್ಯಾಸವು ಮನೆಯಲ್ಲಿಯೇ ಉಳಿದುಕೊಂಡಿತು.

ಅಂಥ ಒಂದು ಮನೆಯಲ್ಲಿ ಮಗನು ಮೇಜಿನ ಮೇಲೆ ಫೋನನ್ನು ನಿಲ್ಲಿಸಿಕೊಂಡು ಕಚೇರಿಯ ಸಭೆಯಲ್ಲಿ ಕುಳಿತಿರುವನೆಂದು ಭಾವಿಸಬಹುದು. ಪಕ್ಕದ ಅಡಿಗೆಮನೆಯಲ್ಲಿ ಅವನ ತಾಯಿಯು ಪಾತ್ರೆ ತೊಳೆಯಲು ಬಂದ ಹೆಂಗಸಿನೊಡನೆ ಮಾತನಾಡುತ್ತಿರುವಳು. ಆ ಹೆಂಗಸು ತನ್ನ ಮಗಳು ಗಂಡನ ಮನೆಯನ್ನು ಬಿಟ್ಟು ಬಂದಿರುವ ಸಂಗತಿಯನ್ನು ಹೇಳಿಕೊಂಡು, “ಅಮ್ಮಾ, ಇದು ನಿಮ್ಮ ಹೊಟ್ಟೆಯಲ್ಲೇ ಇರಲಿ” ಎಂದು ಬೇಡಿಕೊಳ್ಳುವಳು. ತಾಯಿಯು ಆಗಲೆನ್ನುವಳು. ಫೋನಿನ ಮೂಲೆಯಲ್ಲಿ ಚುಕ್ಕೆಯು ಹೊತ್ತಿಯೇ ಇದೆ. ಅದನ್ನು ಕಾಣಬಲ್ಲವನು ಮಗನೊಬ್ಬನು. ಅದರ ಅರ್ಥವನ್ನು ಬಲ್ಲವನೂ ಅವನೊಬ್ಬನೇ. ಇಲ್ಲಿ ಕಂಪನಿಯ ಮೋಸವಿಲ್ಲ. ಕಳ್ಳ ಆ್ಯಪ್ ಇಲ್ಲ. ಯಂತ್ರವು ತನ್ನ ಕರ್ತವ್ಯವನ್ನು ಪೂರ್ತಿಯಾಗಿ ನೆರವೇರಿಸಿದೆ. ಆದರೂ ಒಬ್ಬ ಬಡ ತಾಯಿಯ ದುಃಖವು ಆಕೆಯು ಕಾಣದ ಹತ್ತು ಜನರ ಕಿವಿಗೆ ಬೀಳುತ್ತಿರಬಹುದು. ಯಂತ್ರವು ಮಗನಿಗೆ ತಿಳಿಸಿದ ಸುದ್ದಿಯನ್ನು ಮಗನು ಆ ಹೆಂಗಸಿಗೆ ತಿಳಿಸಲಿಲ್ಲ. ಸುಳಿವಿನ ಸರಪಣಿಯು ಅವನಲ್ಲಿಗೆ ಬಂದು ತುಂಡಾಯಿತು.

ತಪ್ಪು ಎಲ್ಲಿದೆಯೆಂಬುದನ್ನು ಇದು ತೋರಿಸುತ್ತದೆ. ಚುಕ್ಕೆಯನ್ನು ಒಡೆಯನ ರಕ್ಷಣೆಗೆಂದು ಮಾತ್ರ ತಿಳಿಯುವುದು ಲೋಕದ ರೂಢಿ. ಆದರೆ ತಿಳಿವಳಿಕೆಯು ಬಂದೊಡನೆ ಹೊಣೆಯೂ ಬರುತ್ತದೆ. ಚುಕ್ಕೆಯಿಲ್ಲದ ದಿನಗಳಲ್ಲಿ “ನನಗೆ ಗೊತ್ತಿರಲಿಲ್ಲ” ಎಂಬ ಉತ್ತರಕ್ಕೆ ಸ್ವಲ್ಪವಾದರೂ ಅವಕಾಶವಿದ್ದಿತು, ಈಗ ಇಲ್ಲ. ದೀಪವನ್ನು ಕಂಡವನು ಆ ಕೋಣೆಯ ಮಾತಿಗೆಲ್ಲ ಸಾಕ್ಷಿಯಾದನು. ಕನ್ನಡದಲ್ಲಿ ಅಂತಃಕರಣದ ವಿವೇಕಕ್ಕೆ ಮನಸ್ಸಾಕ್ಷಿಯೆಂಬ ಹೆಸರು ಬಂದಿರುವುದನ್ನು ಇಲ್ಲಿ ನೆನೆಯಬೇಕು. ನೋಡಿಯೂ ನೋಡದಂತಿರುವುದು ಆ ಸಾಕ್ಷಿಗೆ ಸಾಧ್ಯವಿಲ್ಲ.

ಇಂಥ ವಿಷಯಗಳನ್ನು ಸರ್ಕಾರದ ಕಾನೂನಿಗೆ ಬಿಡಬಹುದಲ್ಲವೆ ಎಂದು ಕೆಲವರು ಕೇಳಬಹುದು. ಕಾನೂನು ಮಾಡಿರುವುದು ಅಲ್ಪವಲ್ಲ, ಮತ್ತು ಅದರಲ್ಲಿ ಕರ್ನಾಟಕದ ಪಾಲು ದೊಡ್ಡದು. 1988ರ ಆಗಸ್ಟಿನಲ್ಲಿ ಟೆಲಿಫೋನ್ ಕದ್ದಾಲಿಕೆಯ ಆರೋಪವೆದ್ದುದರಿಂದ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿಗೆ ರಾಜೀನಾಮೆಯಿತ್ತರು. ಕದ್ದಾಲಿಸುವುದು ಈ ನಾಡಿನಲ್ಲಿ ಸಣ್ಣ ಮಾತಲ್ಲವೆಂಬುದು ಅಂದೇ ಸ್ಥಿರಪಟ್ಟಿತು. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತಾರನೆಯ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲಿ ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು, ಖಾಸಗಿತನವು ಸಂವಿಧಾನದ 21ನೆಯ ವಿಧಿಯ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ ಅಂಗವೇ ಎಂದು ಒಮ್ಮತದಿಂದ ಸಾರಿತು. ಅವರು 2024ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಅವರ ಹೆಸರಿನ ಆ ತೀರ್ಪು ದೇಶದ ಆಸ್ತಿಯಾಗಿ ಉಳಿಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಒಪ್ಪಿಗೆಯೆಂಬುದು ಸ್ವತಂತ್ರವಾಗಿಯೂ ನಿರ್ದಿಷ್ಟವಾಗಿಯೂ ತಿಳಿದು ಕೊಟ್ಟುದಾಗಿಯೂ ಇರಬೇಕೆಂದು ವಿಧಿಸುತ್ತದೆ. ಆದರೆ ಅದೇ ಕಾಯಿದೆಯು, ಒಬ್ಬ ವ್ಯಕ್ತಿಯು ತನ್ನ ಸ್ವಂತದ ಅಥವಾ ಮನೆಯ ಉದ್ದೇಶಕ್ಕಾಗಿ ಮಾಡುವ ಬಳಕೆಗೆ ತಾನು ಅನ್ವಯಿಸುವುದಿಲ್ಲವೆಂದೂ ಹೇಳಿದೆ. ಇದು ವಿವೇಕವೇ, ಅಡಿಗೆಮನೆಯೊಳಕ್ಕೆ ಕಾನೂನು ಬಂದು ಕುಳಿತರೆ ಅದೂ ಇನ್ನೊಂದು ಕಿವಿಯೇ ಆದೀತು. ಕಾನೂನು ಹೊಸ್ತಿಲಲ್ಲಿ ನಿಂತುಬಿಟ್ಟಲ್ಲಿ ಒಳಗಿನ ಕೆಲಸವು ಗೃಹಸ್ಥನ ಧರ್ಮಕ್ಕೆ ಸೇರುತ್ತದೆ.

“ತಪ್ಪು ಮಾಡದವನಿಗೆ ಭಯವೇಕೆ? ಯಾರು ಕೇಳಿದರೆ ತಾನೆ ಏನು?” ಎಂಬುದು ಇನ್ನೊಂದು ಆಕ್ಷೇಪಣೆ. ಈ ಮಾತು ಗುಟ್ಟನ್ನೂ ಏಕಾಂತವನ್ನೂ ಒಂದೇ ಎಂದು ಎಣಿಸಿದುದರಿಂದ ಹುಟ್ಟಿದುದು. ಮಾತೆಂಬುದು ಕೇಳುವವರನ್ನು ನೋಡಿ ಆಡತಕ್ಕ ವಸ್ತು. ಗೆಳತಿಗೆ ಹೇಳುವುದನ್ನು ಅತ್ತೆಗೆ ಹೇಳುವುದಿಲ್ಲ. ವೈದ್ಯನಿಗೆ ಹೇಳಿದುದನ್ನು ಪುರೋಹಿತನಿಗೆ ಹೇಳುವುದಿಲ್ಲ. ಇದರಲ್ಲಿ ಕಪಟವೇನೂ ಇಲ್ಲ. ಒಬ್ಬೊಬ್ಬರೊಡನೆಯೂ ಇರುವ ನಂಟಿಗೆ ತಕ್ಕ ಅಳತೆಯಿದು. ಕೇಳುವವನನ್ನು ಗುಟ್ಟಾಗಿ ಬದಲಾಯಿಸಿದರೆ ಮಾತಿನ ಅರ್ಥವೇ ಬದಲಾಗುತ್ತದೆ: ನೊಂದು ಆಡಿದುದು ಚಾಡಿಯಾಗಿ ಕೇಳಿಸೀತು, ತಮಾಷೆಗೆ ಆಡಿದುದು ಅಪಮಾನವಾದೀತು. ಸಂಸ್ಕೃತದಲ್ಲಿ ಮರ್ಯಾದೆಯೆಂದರೆ ಎಲ್ಲೆ, ಮೇರೆ. ಕನ್ನಡದಲ್ಲಿ ಅದು ಗೌರವವೆಂಬ ಅರ್ಥವನ್ನು ಪಡೆದಿದೆ. ಒಬ್ಬರಿಗೆ ಗೌರವ ತೋರಿಸುವುದೆಂದರೆ ಅವರು ಹಾಕಿಕೊಂಡ ಗೆರೆಯನ್ನು ಕೇಳದೆ ದಾಟದಿರುವುದೆಂದು ಈ ಒಂದು ಶಬ್ದದಲ್ಲಿಯೇ ತಿಳಿಯಬಹುದು. ಆ ಪಾತ್ರೆ ತೊಳೆಯುವ ಹೆಂಗಸು ಅಪರಾಧವನ್ನೇನೂ ಬಚ್ಚಿಡುತ್ತಿರಲಿಲ್ಲ. ಮಗಳ ಮರ್ಯಾದೆಯ ಸುತ್ತ ಒಂದು ಗೆರೆಯನ್ನು ಎಳೆಯುತ್ತಿದ್ದಳು.

ಕದ್ದು ಕೇಳುವುದು ರಾಜನೀತಿಯಲ್ಲಿ ಬಹುಕಾಲದಿಂದ ಬಂದುದು. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಬೆಳಕಿಗೆ ತಂದು 1909ರಲ್ಲಿ ಮುದ್ರಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೂಢಪುರುಷರ ವರ್ಗಗಳನ್ನು ಎಣಿಸಿದೆ. ತಾಪಸನ ವೇಷದವನು, ವರ್ತಕನ ವೇಷದವನು ಮೊದಲಾದವರ ಜೊತೆಗೆ ಗೃಹಪತಿಕನೆಂಬವನೂ ಅಲ್ಲಿರುವನು. ಅವನು ಗೃಹಸ್ಥನ ರೂಪದಲ್ಲಿರುವ ಚಾರ. ರಾಜ್ಯರಕ್ಷಣೆಯ ನೆಪವು ಅಂಥವನಿಗೆ ಒದಗಬಹುದು. ನಿಜವಾದ ಗೃಹಸ್ಥನಿಗೆ ಆ ನೆಪವೂ ಇಲ್ಲ. ಕೈಯಲ್ಲಿ ಫೋನನ್ನು ಹಿಡಿದು, ಚುಕ್ಕೆಯನ್ನು ಕಂಡು, ಸುಮ್ಮನಿರುವವನು ಯಾವ ರಾಜನ ಸಂಬಳವೂ ಇಲ್ಲದೆ ಗೃಹಪತಿಕನ ಕೆಲಸವನ್ನು ಮಾಡಿದಂತಾಗುತ್ತದೆ.

ಹಾಗಾದರೆ ತಿಳಿಸದೆ ಧ್ವನಿಯನ್ನು ಹಿಡಿದಿಡುವುದು ಎಲ್ಲ ಸಂದರ್ಭಗಳಲ್ಲಿಯೂ ಅಧರ್ಮವೆ? ವರದಕ್ಷಿಣೆಗಾಗಿ ಪೀಡಿಸಲ್ಪಡುವ ಹೆಂಗಸೊಬ್ಬಳು, ತನ್ನನ್ನು ಬೆದರಿಸುವವರ ಮಾತನ್ನು ಸೆರಗಿನ ಮರೆಯ ಫೋನಿನಲ್ಲಿ ಹಿಡಿದಿಟ್ಟರೆ, ಆಕೆಯೂ ಕೆಮ್ಮಿ ಸುಳಿವು ಕೊಡಬೇಕೆ? ಹಾಗೆನ್ನುವುದು ಕ್ರೌರ್ಯವಾದೀತು. ಸುಳಿವು ಕೊಡುವ ಋಣವು ನಂಬಿಕೆಯಿಂದ ಹುಟ್ಟುವುದು. ನಂಬಿ ಆಡಿದ ಮಾತಿಗೆ ಆ ರಕ್ಷಣೆಯುಂಟು. ಹೆದರಿಸುವುದಕ್ಕಾಗಿ ಆಡಿದ ಮಾತಿಗೆ ಇಲ್ಲ. ಹಳೆಯ ಮನೆಯಲ್ಲಿಯೂ ಕೆಮ್ಮುತ್ತಿದ್ದವನು ಯಜಮಾನನೇ ಹೊರತು ಅವನಿಗೆ ಅಂಜಿ ನಿಂತವರಲ್ಲ. ಬಲವುಳ್ಳವನು ದುರ್ಬಲನಿಗೆ, ತಿಳಿದವನು ತಿಳಿಯದವನಿಗೆ ಸಲ್ಲಿಸಬೇಕಾದ ಋಣವಿದು. ಈ ದೃಷ್ಟಿಯಿಂದ ನೋಡಿದರೆ ಫೋನಿನ ಒಡೆಯನು ತಾನು ಬಲವುಳ್ಳವನ ಸ್ಥಾನದಲ್ಲಿರುವ ಸಂದರ್ಭಗಳನ್ನು ಗುರುತಿಸಿಕೊಳ್ಳಬೇಕಾಗುತ್ತದೆ.

ಅಂಥ ಸಂದರ್ಭಗಳಲ್ಲಿ ಒಂದು ಬಹಳ ಸೂಕ್ಷ್ಮವಾದುದು. ದಕ್ಷಿಣ ಬೆಂಗಳೂರಿನ ಅನೇಕ ಮನೆಗಳಲ್ಲಿ ಮುದಿ ತಂದೆತಾಯಿಗಳಿಬ್ಬರೇ ಇರುವರು, ಮಕ್ಕಳು ಪರದೇಶದಲ್ಲಿರುವರು. ತಾಯಿ ಜಾರಿ ಬಿದ್ದಾಳು, ತಂದೆ ಔಷಧವನ್ನು ಮರೆತಾನು ಎಂಬ ಕಳವಳದಿಂದ ಮಗನು ನಡುಮನೆಯಲ್ಲಿ ಒಂದು ಕ್ಯಾಮರಾವನ್ನು ಇರಿಸಿ, ದೂರದಿಂದ ತನ್ನ ಫೋನಿನಲ್ಲಿ ನೋಡುತ್ತಿರುವನು. ಅವರ ಒಪ್ಪಿಗೆಯನ್ನು ಅವನು ಕೇಳಿಯೇ ಇರಿಸಿದುದು. ಇದರಲ್ಲಿ ಪ್ರೀತಿಯಲ್ಲದೆ ಬೇರೇನೂ ಇಲ್ಲ. ಆದರೆ ಹೋದ ವರ್ಷ ಒಪ್ಪಿದುದು ಈ ಗಳಿಗೆಯ ತಿಳಿವಳಿಕೆಯಾಗದು. ಸೊಸೆಯ ವಿಷಯವಾಗಿ ಮುದುಕರಿಬ್ಬರೂ ಏನೋ ಆಡಿಕೊಳ್ಳುತ್ತಿರುವಾಗ, ಇಲ್ಲವೆ ತಾಯಿಯು ಯಾರಿಗೂ ಕಾಣದೆ ಅಳಬೇಕೆಂದಿರುವಾಗ, ಮಗನ ಕಣ್ಣು ತೆರೆದಿದೆಯೆಂಬುದು ಅವರಿಗೆ ತಿಳಿಯುವುದಿಲ್ಲ. ಒಮ್ಮೆ ಬಾಗಿಲು ತೆರೆದವರು ಎಂದೆಂದಿಗೂ ಬಾಗಿಲು ತೆರೆದವರೆಂದು ತಿಳಿಯಬಾರದು. “ಅಮ್ಮಾ, ನೋಡಲೆ?” ಎಂದು ಮೊದಲು ಫೋನು ಮಾಡಿ ಕೇಳಿ ಆಮೇಲೆ ಕ್ಯಾಮರಾವನ್ನು ತೆರೆಯುವ ಮಗನು, ಅಜ್ಜನ ಕೆಮ್ಮನ್ನು ಸಮುದ್ರದಾಚೆಗೂ ಕೊಂಡುಹೋದವನು. ಆಪತ್ತಿನ ಸಂದೇಹವಿದ್ದಾಗ ಕೇಳದೆಯೂ ನೋಡಬಹುದು. ಮನೆಗೆ ಬೆಂಕಿ ಬಿದ್ದಾಗ ಯಾರೂ ಕದ ತಟ್ಟಿ ಕಾಯುವುದಿಲ್ಲ. ಆದರೆ ದಿನವೂ ಬೆಂಕಿ ಬಿದ್ದಿದೆಯೆಂದು ನಟಿಸಬಾರದು.

ಇಷ್ಟೊಂದು ಸಂಕೋಚಪಟ್ಟರೆ ಜೀವನವು ಸಾಗುವುದೆಂತು ಎನ್ನುವವರಿಗೆ ಒಂದು ಸಮಾಧಾನವುಂಟು: ಬೇಕಾದ ಶ್ರಮವು ಅತ್ಯಲ್ಪ. ಅಡಿಗೆಮನೆಯಿಂದ ಮಾತು ಕೇಳಿಬಂದಾಗ ಮೈಕನ್ನು ಮುಚ್ಚುವುದಕ್ಕೆ ಒಂದು ಬೆರಳು ಸಾಕು. “ಫೋನು ತೆರೆದಿದೆ, ಸ್ವಲ್ಪ ತಡೆಯಿರಿ” ಎನ್ನುವುದಕ್ಕೆ ನಾಲ್ಕು ಮಾತು ಸಾಕು. ಬಂದ ನೆಂಟರ ಚಿತ್ರವನ್ನು ತೆಗೆಯುವ ಮೊದಲು ಒಮ್ಮೆ ಅವರ ಮುಖವನ್ನು ನೋಡಿದರೆ ಸಾಕು. ಮನೆಯ ಮುದುಕರಿಗೂ ಮಕ್ಕಳಿಗೂ ಕೆಲಸದವರಿಗೂ ಈ ಚುಕ್ಕೆಯನ್ನು ತೋರಿಸಿ, ಇದು ಹೊತ್ತಿರುವಾಗ ಯಂತ್ರವು ಕೇಳುತ್ತಿರುವುದೆಂದು ಹೇಳಿಕೊಡುವುದು ಒಂದು ಸಂಜೆಯ ಕೆಲಸ. ವಾರಕ್ಕೊಮ್ಮೆ ಆ ಯಂತ್ರದ ದಿನಚರಿಯನ್ನು ತೆರೆದು ನೋಡಿ, ಕಾರಣವಿಲ್ಲದೆ ಕಿವಿಗೊಟ್ಟ ಆ್ಯಪಿನ ಅನುಮತಿಯನ್ನು ಕಿತ್ತುಹಾಕುವುದು ಮನೆಯ ಲೆಕ್ಕವನ್ನು ನೋಡಿದಷ್ಟೇ ಸಹಜವಾಗಬೇಕು.

ಯಂತ್ರವನ್ನು ಮಾಡಿದವರು ತಮ್ಮ ಕೈಲಾದ ಮಟ್ಟಿಗೆ ಒಂದು ಸುಳಿವನ್ನು ಕೊಟ್ಟಿರುವರು. ಅದು ಒಡೆಯನ ಕಣ್ಣಿನವರೆಗೆ ಬಂದು ನಿಲ್ಲುವುದು. ಅಲ್ಲಿಂದ ಮುಂದಕ್ಕೆ, ಜಗಲಿಯಲ್ಲಿ ಕುಳಿತ ನೆರೆಯವರಿಗೆ, ಅಡಿಗೆಮನೆಯ ಹೆಂಗಸಿಗೆ, ದೂರದ ಊರಿನ ತಾಯಿಗೆ ಅದನ್ನು ಮುಟ್ಟಿಸಬೇಕಾದವನು ಮನುಷ್ಯನೇ. ಪರದೆಯ ಮೇಲಿನ ದೀಪವು ಹೊತ್ತಿದಾಗ ಬಾಯಿ ತೆರೆದು ಒಂದು ಮಾತು ಹೇಳುವವರಿರುವ ಮನೆಯಲ್ಲಿ ಜನರು ನಂಬಿ ಮಾತನಾಡುವರು. ಅಂಥ ಮನೆಗೆ ಕಷ್ಟವನ್ನು ಹೇಳಿಕೊಳ್ಳಲು ಬರುವವರು ಎಂದಿಗೂ ಕಡಿಮೆಯಾಗುವುದಿಲ್ಲ.